ಒಂದು ವರ್ಷದಿಂದ ಫಿಟ್ಸ್ ಬಂದಿಲ್ಲ

“ಒಂದು ವರ್ಷದಿಂದ ನಿಮ್ಮ ಮಗಳಿಗೆ ಫಿಟ್ಸೇ ಬಂದಿಲ್ಲ ಅಂತ ಡಾಕ್ಟರೇ ಬರೆದಿದ್ದಾರಲ್ಲಮ್ಮ,” ಎನ್ನುತ್ತ ಕಿಟಕಿಯಾಚೆಯ ಗುಮಾಸ್ತ ಅವಳ ಅರ್ಜಿಗೆ ಒತ್ತಲು ‘ತಿರಸ್ಕೃತ’ ಎಂಬ ಮೊಹರನ್ನು ಕೈಗೆತ್ತಿಕೊಂಡ. “ವಾಸಿಯಾದವರಿಗೆ ಸರ್ಕಾರ ಇನ್ನೂ ಯಾಕೆ ಮಾತ್ರೆ ದುಡ್ಡು ಕೊಡಬೇಕು?”

ಟೈಲರಮ್ಮನ ಮೈಯೆಲ್ಲ ಉರಿದುಹೋಯಿತು. ಆ ಸಾಲನ್ನು ಬರೆಸಿದ್ದು ಅವಳೇ. ಸರ್ಕಾರದ ದುಡ್ಡಿನಿಂದ ಮಗಳು ಚೇತರಿಸಿಕೊಂಡಳೆಂದು ಗೊತ್ತಾದರೆ ಕಚೇರಿಯವರಿಗೂ ಖುಷಿಯಾದೀತೆಂದು ಡಾಕ್ಟರ ಬೆನ್ನು ಬಿದ್ದು ಬರೆಸಿಕೊಂಡು ಬಂದಿದ್ದಳು, ಪೆದ್ದಿ!

“ವಾಸಿಯಾಗಿಲ್ಲ ಸಾರ್, ಮಾತ್ರೆ ತಗೊಳ್ತಿರೋದಕ್ಕೇ ಬಂದಿಲ್ಲ. ಅದಕ್ಕೂ ಮುಂಚೆ ಒಂದ್ಸಲ ಎರಡೇ ದಿನ ಮಾತ್ರೆ ತಪ್ಪಿತ್ತು. ಬಟ್ಟೆ ಇಸ್ತ್ರಿ ಮಾಡ್ತಾ ಮಾಡ್ತಾ ಬಿಸಿ ಪೆಟ್ಟಿಗೆ ಮೇಲೇ ಬಿದ್ದು ಕೆನ್ನೆ ಸುಟ್ಕೊಂಡ್ಳು.”

“ಹಾಗಾದ್ರೆ ಇನ್ನೊಂದ್ಸಲ ಫಿಟ್ಸ್ ಬಂದಾಗ ಬನ್ನಿ. ಹೊಸ ಅರ್ಜಿ ಹಾಕಬಹುದು.”

ಬಂದಾಗ ಬನ್ನಿ! ಮನೆಗೆ ನೆಂಟರು ಬರುವ ಸುದ್ದಿ ಹೇಳಿದಂತೆ ಹೇಳಿಬಿಟ್ಟ. ಅವನು ಮೊಹರನ್ನು ಶಾಯಿಗೆ ಒತ್ತುತ್ತಿದ್ದಂತೆ ಅವಳ ಕೈ ಕಿಟಕಿಯೊಳಗೆ ನುಗ್ಗಿತು. ಸೂಜಿಗೆ ದಾರ ಪೋಣಿಸುವ ಬೆರಳುಗಳು ಅವನ ಸೋಡಾಬುಡ್ಡಿ ಕನ್ನಡಕವನ್ನು ಮೆಲ್ಲಗೆ ಕಳಚಿಕೊಂಡವು.

“ಏಯ್! ಕೊಡಮ್ಮ, ಏನೂ ಕಾಣ್ತಿಲ್ಲ!”

“ಇಷ್ಟು ಹೊತ್ತು ಎಲ್ಲಾ ಚೆನ್ನಾಗೇ ಕಾಣ್ತಿತ್ತಲ್ಲ ಸಾರ್? ನಿಮ್ಮ ಕಣ್ಣು ವಾಸಿಯಾಗಿದೆ. ಇನ್ನು ಕನ್ನಡಕ ಯಾಕೆ?” ಅವಳು ಅದನ್ನು ಮಡಿಸಿ, ಮಗಳ ಕೊನೆಯ ಮಾತ್ರೆಗಳಿದ್ದ ಚೀಲಕ್ಕೆ ಹಾಕಿಕೊಂಡಳು. “ಈಗ ಒತ್ತಿ ನಿಮ್ಮ ಮೊಹರು.”

ಅರ್ಜಿ ಅವನ ಮೂಗಿನ ಕೆಳಗೇ ಇತ್ತು. ಮೊಹರು ಹಿಡಿದ ಕೈ ಮೇಜಿನ ತುಂಬ ಅದನ್ನೇ ಹುಡುಕಿ ತಡಕಾಡುತ್ತಿತ್ತು.