ಮನೆಯ ಮುಖಕ್ಕೆ ಬಣ್ಣ

ಗಂಡ ಗೇಟು ಉಜ್ಜುತ್ತಿದ್ದ. ಅದೂ ರಜೆಯ ದಿನ, ಯಾರೂ ಹೇಳದೆ.

ಟೈಲರಮ್ಮ ಹೊಲಿಗೆ ಯಂತ್ರ ನಿಲ್ಲಿಸಿ ಕಿಟಕಿಯಿಂದ ನೋಡಿದಳು. ಒಂದೇ ಕೀಲಿನ ಮೇಲೆ ಕುಂಟುತ್ತಿದ್ದ ಆ ಗೇಟನ್ನು ಸರಿಮಾಡಿ ಎಂದು ವರ್ಷಗಟ್ಟಲೆ ಹೇಳಿ ಅವಳ ನಾಲಿಗೆ ಸವೆದಿತ್ತು. ಬಸ್ಸು ಓಡಿಸಿ ಮನೆಗೆ ಬಂದರೆ ಅವನಿಗೆ ಗೊತ್ತಿದ್ದದ್ದು ಮಂಚ ಒಂದೇ. ಅಂಥವನ ಕೈಯಲ್ಲಿ ಈಗ ಉಪ್ಪುಕಾಗದ, ಹಣೆಯಲ್ಲಿ ಬೆವರು.

"ಏನ್ರೀ, ಇವತ್ತು ಸೂರ್ಯ ಯಾವ ಕಡೆ ಹುಟ್ಟಿದ?"

"ಸುಮ್ನೆ ಕಣೇ. ಮನೆ ಮುಂದೆ ಸ್ವಲ್ಪ ಲಕ್ಷಣವಾಗಿರಲಿ ಅಂತ."

ಇಷ್ಟು ವರ್ಷದ ಸಂಸಾರದಲ್ಲಿ ಅವನು ಸುಮ್ಮನೆ ಮಾಡಿದ ಕೆಲಸವೆಂದರೆ ನಿದ್ದೆ. ಅವಳ ಮನಸ್ಸಿನಲ್ಲಿ ಹುಳ ಹೊಕ್ಕಿತು.

ಗೇಟಿಗೆ ಹಸಿರು ಬಣ್ಣ ಬಂತು. ಗೋಡೆ ತಿಳಿಹಳದಿಯಾಯಿತು. ಅಂಗಳದಲ್ಲಿ ತುಕ್ಕು ತಿನ್ನುತ್ತಿದ್ದ ಸ್ಕೂಟರು ಗುಜರಿಗೆ ಹೋಗಿ, ಆ ಜಾಗದಲ್ಲಿ ದಾಸವಾಳದ ಕುಂಡಗಳು ಸಾಲಾಗಿ ನಿಂತವು. ಒಳಗೆ ಮಾತ್ರ ಬಚ್ಚಲಿನ ನಲ್ಲಿ ಎಂದಿನಂತೆ ಸೋರುತ್ತಲೇ ಇತ್ತು. ಅದರ ಕಡೆ ಅವನು ತಿರುಗಿಯೂ ನೋಡಲಿಲ್ಲ. ಒಂದೊಂದು ಕೆಲಸ ಮುಗಿದಾಗಲೂ ರಸ್ತೆ ದಾಟಿ, ಎದುರುಮನೆಯ ಜಗಲಿ ಹತ್ತಿ, ಅಲ್ಲಿಂದ ಕತ್ತು ಓರೆ ಮಾಡಿ ನೋಡುತ್ತಿದ್ದ. ಪಕ್ಕದಲ್ಲಿ ಅವನ ಅಕ್ಕ.

ಎದುರುಮನೆ ಆ ಅಕ್ಕನದು. ಟೈಲರಮ್ಮನ ಬಾಳಿನಲ್ಲಿ ಬಿಚ್ಚಿ ಹೊಲಿಯಲಾಗದ ಓರೆ ಹೊಲಿಗೆಯೆಂದರೆ ಈ ಅತ್ತಿಗೆಯೇ. ಹೇಳದೆ ಕೇಳದೆ ಅಡುಗೆಮನೆಗೆ ನುಗ್ಗಿ, ಪಾತ್ರೆಯ ಮುಚ್ಚಳ ಎತ್ತಿ, ಮೂಸಿ ನೋಡಿಯೇ "ಉಪ್ಪು ಜಾಸ್ತಿ" ಎನ್ನುವ ಹೆಂಗಸು. ಹದಿನೈದು ದಿನದಿಂದ ಆಕೆ ಇತ್ತ ಕಾಲಿಟ್ಟಿರಲಿಲ್ಲ. ದೂರದಿಂದಲೇ ನಗುತ್ತಿದ್ದಳು. ಟೈಲರಮ್ಮನಿಗೆ ಆ ಮುಚ್ಚಳಗಳಿಗಿಂತ ಈ ನಗುವಿನ ಭಯವೇ ಹೆಚ್ಚಾಯಿತು.

ಒಂದು ಸಂಜೆ ಒಣಗಿದ ಬಟ್ಟೆ ತರಲು ತಾರಸಿಗೆ ಹೋದಾಗ ಕೆಳಗಿನಿಂದ ಮಾತು ಕೇಳಿಸಿತು. ಬಗ್ಗಿ ನೋಡಿದರೆ ಗಂಡ, ಅವನ ಅಕ್ಕ, ಮತ್ತು ಬೀದಿಗೆಲ್ಲ ಗೊತ್ತಿದ್ದ ಮನೆ ದಲ್ಲಾಳಿ.

"ಜನ ಮುಖ ನೋಡಿ ಮಣೆ ಹಾಕ್ತಾರೆ ಸ್ವಾಮಿ," ಎನ್ನುತ್ತಿದ್ದ ದಲ್ಲಾಳಿ. "ಒಳಗೆ ಎಷ್ಟು ಚೆನ್ನಾಗಿದ್ದರೇನು, ಮೊದಲು ಕಣ್ಣಿಗೆ ಹೊಡೆಯೋದು ಇದೇ. ಈಗ ನೋಡಿ, ಲಕ್ಷ್ಮೀಕಳೆ ಬಂದಿದೆ. ಭಾನುವಾರ ರಿಟೈರ್ಡ್ ಮೇಷ್ಟ್ರು, ಅವರ ಮನೆಯವರು ಬರ್ತಾರೆ. ಕುದುರಿದ ಹಾಗೇ."

ಟೈಲರಮ್ಮನಿಗೆ ಎಲ್ಲ ಅರ್ಥವಾಯಿತು. ಮನೆ ಮಾರುತ್ತಿದ್ದಾರೆ. ಯಾವ ಕಿಟಕಿಯ ಬೆಳಕಿನಲ್ಲಿ ಕೂತು ಅರ್ಧ ಊರಿನ ಬಟ್ಟೆ ಹೊಲಿದಳೋ ಆ ಕಿಟಕಿಯನ್ನೂ ಸೇರಿಸಿ. ಅವಳಿಗೊಂದು ಮಾತೂ ಹೇಳದೆ.

ರಾತ್ರಿ ಊಟಕ್ಕೆ ಬಡಿಸುತ್ತ ಕೇಳಿದಳು. "ನಿಮ್ಮಕ್ಕನ ಜೊತೆ ಏನ್ರೀ ಗುಸುಗುಸು?"

ಅವನು ತಟ್ಟೆಯಿಂದ ತಲೆ ಎತ್ತಲಿಲ್ಲ. "ಏನಿಲ್ಲ. ಆದಮೇಲೆ ನಿನಗೇ ಗೊತ್ತಾಗುತ್ತೆ. ನಿನಗೂ ಒಳ್ಳೇದೇ."

ಅಕ್ಕ ಹಾಕಿದ ಗೆರೆ ದಾಟುವ ಗಂಡಸಲ್ಲ. ಅಳುವುದರಿಂದಲೂ ಜಗಳದಿಂದಲೂ ಪ್ರಯೋಜನವಿಲ್ಲ ಎಂದು ಅವಳು ತೀರ್ಮಾನಿಸಿದಳು. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು.

ಭಾನುವಾರ ಅವನು ಬಸ್ಸಿಗೆ, ಅತ್ತಿಗೆ ದೇವಸ್ಥಾನಕ್ಕೆ ಹೋದದ್ದೇ ತಡ, ಅವಳು ಸೆರಗು ಸಿಕ್ಕಿಸಿ ನಿಂತಳು. ಹತ್ತಿ ಕಿತ್ತುಬಂದ ಹಾಸಿಗೆ ಹೊಸ ಗೋಡೆಯ ಮೇಲೇರಿತು. ಗಂಡನ ತೂತುಬಿದ್ದ ಬನಿಯನ್ನುಗಳು ದಾಸವಾಳದ ಗಿಡಗಳಿಗೆ ಉಡುಗೆಯಾದವು. ಹಿತ್ತಲಿನ ಒಡೆದ ಬಕೆಟ್ಟು, ಮೂರು ಕಾಲಿನ ಕುರ್ಚಿ, ಪೊರಕೆಗಳೆಲ್ಲ ಗೇಟಿನ ಮುಂದೆ ಹಾಜರಾದವು. ಕೆಲಸ ನೋಡಿ ಅವಳಿಗೇ ಅಸಹ್ಯವಾಯಿತು. ಅಲ್ಲಿಗೆ ತೃಪ್ತಿಯೂ ಆಯಿತು.

ಆಮೇಲೆ ಕೈಚೀಲ ಹಿಡಿದು ಬೀದಿಯ ತಿರುವಿನಲ್ಲಿ ಹೋಗಿ ನಿಂತಳು. ವಯಸ್ಸಾದ ದಂಪತಿ ಆಟೋ ಇಳಿದರು. ಕನ್ನಡಕದ ಹೆಂಗಸು ಅವಳನ್ನು ಕಂಡು ಹತ್ತಿರ ಬಂದರು.

"ಇದೇ ಬೀದಿಯವರೇನಮ್ಮ? ಇಲ್ಲೊಂದು ಮನೆ ನೋಡೋಕೆ ಬಂದಿದ್ದೀವಿ, ಡ್ರೈವರ್ ಮನೆ ಹತ್ತಿರ ಅಂದ್ರು. ಮನೆಯೇನೋ ಸರಿ, ಎದುರುಮನೆಯವರು ಹೇಗೆ? ನಮಗೆ ಅದೇ ಮುಖ್ಯ."

ಬೇಡಿದ ವರ ತಾನಾಗಿ ಬಾಗಿಲಿಗೆ ಬಂದಿತ್ತು. ಟೈಲರಮ್ಮ ದನಿ ತಗ್ಗಿಸಿದಳು.

"ಇನ್ನೊಬ್ಬರ ಮನೆ ಮಾತು ನಾನು ಆಡೋಳಲ್ಲ. ಆದರೂ ನಿಮ್ಮನ್ನ ನೋಡಿದರೆ ನಮ್ಮ ತಾಯಿ ನೆನಪಾಗ್ತಾರೆ, ಅದಕ್ಕೆ ಹೇಳ್ತೀನಿ. ಎದುರುಮನೆಯಾಕೆ ಹೇಳದೆ ಕೇಳದೆ ಒಳಗೆ ಬರ್ತಾಳೆ. ಅಡುಗೆ ಮುಚ್ಚಳ ಎತ್ತಿ ಮೂಸ್ತಾಳೆ. ಗಂಡ ಹೆಂಡ್ತಿ ಮಾತಾಡಿದರೆ ಮಧ್ಯ ಬಾಯಿ ಹಾಕ್ತಾಳೆ. ಇಷ್ಟು ವರ್ಷದಲ್ಲಿ ಒಂದು ದಿನ ನೆಮ್ಮದಿಯ ಅನ್ನ ತಿನ್ನೋಕೆ ಬಿಟ್ಟಿಲ್ಲ."

ಮೇಷ್ಟ್ರು ತಿರುವಿನಿಂದ ಇಣುಕಿ ನೋಡಿದರು. ಹಾಸಿಗೆ ಕಂಡಿತು. ಬನಿಯನ್ನುಗಳು ಕಂಡವು. "ಆಟೋ ಇನ್ನೂ ಹೋಗಿಲ್ಲ," ಎಂದರು ಹೆಂಡತಿಗೆ.

ಸಂಜೆ ಗಂಡ ಬಂದ. ಒಂದು ಕೈಯಲ್ಲಿ ಗೇಟು ಹಿಡಿದು, ಇನ್ನೊಂದರಲ್ಲಿ ತನ್ನದೇ ಬನಿಯನ್ನು ಹಿಡಿದು, ಬಹಳ ಹೊತ್ತು ನಿಂತ.

"ಇದೇನು ಮಾಡಿದೆಯೇ?"

"ನನ್ನ ಮನೆ ಉಳಿಸಿಕೊಂಡೆ. ನನಗೆ ತಿಳೀದ ಹಾಗೆ ಮಾರೋಕೆ ಹೊರಟಿದ್ದೀರಲ್ಲ, ಅಕ್ಕ ತಮ್ಮ ಸೇರಿಕೊಂಡು."

"ನಮ್ಮನೆ ಯಾರು ಮಾರ್ತಾರೇ?" ಅವನು ಅಲ್ಲೇ ಮೂರು ಕಾಲಿನ ಕುರ್ಚಿಯ ಮೇಲೆ ಕೂರಲು ಹೋಗಿ, ನೆಲದ ಮೇಲೆ ಕೂತ. "ಮಾರ್ತಾ ಇರೋದು ಅಕ್ಕನ ಮನೆ. ಮಗಳ ಊರಿಗೇ ಹೋಗಿಬಿಡ್ತಾಳಂತೆ, ಖಾಯಮ್ಮಾಗಿ. ನೋಡೋಕೆ ಬಂದೋರೆಲ್ಲ ಅವಳ ಜಗಲೀಲಿ ನಿಂತು ನಮ್ಮನೆ ಅವತಾರ ನೋಡಿ ಓಡಿಹೋಗ್ತಿದ್ರು. ಅದಕ್ಕೇ ಇಷ್ಟು ಬಣ್ಣ ಬಳಿದೆ. ಈಗ ಅವಳು, ಇನ್ನು ಮಾರೋದೇ ಬೇಡ, ಇಲ್ಲೇ ಇರ್ತೀನಿ ಅಂತಿದ್ದಾಳೆ."

ಟೈಲರಮ್ಮ ಎದುರುಮನೆಯ ಕಡೆ ನೋಡಿದಳು. "ಇದನ್ನ ನನಗೆ ಮೊದಲೇ ಹೇಳೋಕೆ ಏನಾಗಿತ್ತು ನಿಮಗೆ?"

"ಅಕ್ಕ ಆಣೆ ಹಾಕಿಸಿಕೊಂಡಿದ್ದಳು ಕಣೇ, 'ನಾನು ಗಾಡಿ ಹತ್ತೋವರೆಗೂ ನಿನ್ನ ಹೆಂಡ್ತಿಗೆ ಹೇಳಬೇಡ, ಅವಳು ಖುಷಿಪಡೋದನ್ನ ನನ್ನ ಕೈಲಿ ನೋಡೋಕಾಗಲ್ಲ' ಅಂತ."