ದೀಪದ ಹಡಗಿನ ಮೇಸ್ತ್ರಿ

"ಆ ಪದ ತೆಗೆದುಬಿಡೋ ಆಸ್ಗರ್. ಹಾಡೋರಿಗೆ ಉಸಿರು ಕಟ್ಟತ್ತೆ," ಎಂದಳು ಮೆರೇಟೆ, ಟೈಪ್ ಮಾಡುವುದನ್ನು ನಿಲ್ಲಿಸಿ. ನಾಳೆ ಅಪ್ಪ ಥೋರ್ವಾಲ್‌ಗೆ ಎಪ್ಪತ್ತೈದು. ಊರ ವಾಡಿಕೆಯಂತೆ, ಎಲ್ಲರಿಗೂ ಗೊತ್ತಿರುವ ಹಳೇ ಹಾಡಿನ ಮಟ್ಟಿಗೆ ಮನೆಯವರೇ ಹೊಸ ಹಾಡು ಕಟ್ಟಬೇಕು, ಊಟಕ್ಕೆ ಬಂದವರೆಲ್ಲ ಹಾಳೆ ಹಿಡಿದು ಹಾಡಬೇಕು. ಈ ಸಲ ಕಟ್ಟಿದವನು ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟು ಮೀನಿನ ದೋಣಿ ಹತ್ತಿದ ತಮ್ಮ. ತಿದ್ದುತ್ತಿದ್ದವಳು ಟೀಚರ್ ಅಕ್ಕ.

"ತೆಗೆಯಲ್ಲ. ಬರೀ ಮೇಸ್ತ್ರಿ ಅಂತ ಹಾಕಿದ್ರೆ ಅಪ್ಪ ಸೈಕಲ್ ರಿಪೇರಿ ಮಾಡ್ತಿದ್ದ ಅಂದ್ಕೋತಾರೆ."

"ಮಟ್ಟಿನಲ್ಲಿ ಜಾಗ ಇಲ್ವಲ್ಲೋ!"

"ಜಾಗ ಮಾಡು. ಓದಿದವಳು ನೀನು ತಾನೆ?"

ಫ್ಯೂರ್‌ಸ್ಕಿಬ್ಸ್‌ಮಸ್ಕೀನ್‌ಮೆಸ್ತರ್. ದೀಪ, ಹಡಗು, ಎಂಜಿನ್, ಮೇಸ್ತ್ರಿ, ನಾಲ್ಕನ್ನೂ ಬೆಸೆದು ಮಾಡಿದ ಒಂದೇ ಪದ. ನಡುಗಡಲಲ್ಲಿ ಲಂಗರು ಹಾಕಿ ನಿಂತು ದೋಣಿಗಳಿಗೆ ದಾರಿ ತೋರುತ್ತಿದ್ದ ದೀಪದ ಹಡಗಿನಲ್ಲಿ ಅಪ್ಪ ಎಂಜಿನ್ ನೋಡಿಕೊಂಡಿದ್ದ. ರಜೆಯ ಮೇಲೆ ದಡಕ್ಕೆ ಬಂದಾಗ ಬೇಕರಿಯವಳೂ ಪಾದ್ರಿಯೂ ಅವನನ್ನು ಆ ಪೂರ್ತಿ ಹೆಸರಿನಿಂದಲೇ ಮಾತಾಡಿಸುತ್ತಿದ್ದರು. ಪುಟ್ಟ ಆಸ್ಗರ್ ಡೀಸೆಲ್ ವಾಸನೆಯ ಅವನ ಸ್ವೆಟರಿನಲ್ಲಿ ಮುಖ ಹುದುಗಿಸಿ ಅದನ್ನು ಕೇಳಿ ಬೀಗುತ್ತಿದ್ದ. ಹಡಗು ಗುಜರಿಗೆ ಹೋಯಿತು, ಜೊತೆಗೆ ಹೆಸರೂ ಹೋಯಿತು. ಈಗ ಅಪ್ಪ ಬರೀ ಪಿಂಚಣಿದಾರ. ಇನ್ನೊಂದು ಸಲವಾದರೂ ಅದು ಅವನ ಕಿವಿಗೆ ಬೀಳಬೇಕೆಂಬುದೇ ಆಸ್ಗರನ ಹಟ.

ಮೆರೇಟೆ ಸೋತಳು. ರಾಗಕ್ಕೆ ಕೂರುವಂತೆ ಪದವನ್ನು ತುಂಡು ತುಂಡು ಮಾಡಿ, ನಡುವೆ ಸಣ್ಣ ಗೆರೆ ಹಾಕಿ, ಅರ್ಧ ಈ ಸಾಲಿಗೆ, ಅರ್ಧ ಮುಂದಿನ ಸಾಲಿಗೆ ಹೊಡೆದಳು.

ಮರುದಿನ ಊರ ಸಭಾಭವನದಲ್ಲಿ ಹಂದಿ ಹುರಿದದ್ದು, ಸಕ್ಕರೆ ಪಾಕದ ಆಲೂಗಡ್ಡೆ ಮುಗಿದ ಮೇಲೆ ಅಕಾರ್ಡಿಯನ್ ಎದ್ದಿತು. ಮೊದಲೆರಡು ನುಡಿ ಸರಾಗ. ಮೂರನೆಯದರಲ್ಲಿ ಪದ ಬಂತು. ಅರ್ಧ ಜನ ವಾಡಿಕೆಯಂತೆ ಸಾಲಿನ ಕೊನೆಯಲ್ಲಿ ಉಸಿರೆಳೆದರು, ಉಳಿದರ್ಧ ಮುಂದೆ ಓಡಿದರು. ಅಕಾರ್ಡಿಯನ್ ಯಾರ ಹಿಂದೆ ಹೋಗುವುದೆಂದು ತಿಳಿಯದೆ ನಿಂತೇಬಿಟ್ಟಿತು. ಭವನವೆಲ್ಲ ನಗೆ.

"ಥೋರ್ವಾಲ್, ನಿನ್ನ ಕೆಲಸ ಮಾಡೋದಕ್ಕಿಂತ ಹೇಳೋದೇ ಕಷ್ಟ ಮಾರಾಯ!" ಎಂದು ಮುದಿ ಮೀನುಗಾರ ಕ್ರೆಸ್ಟನ್ ಮೇಜು ಕುಟ್ಟಿದ.

ಆಸ್ಗರ್ ಕುರ್ಚಿ ಒದ್ದು ಎದ್ದ. "ಅಷ್ಟು ವರ್ಷ ಇವನ ಹಡಗಿನ ದೀಪ ನೋಡ್ಕೊಂಡೇ ಜೀವ ಉಳಿಸ್ಕೊಂಡ್ರಲ್ಲ, ಒಂದು ಪದ ಹೇಳೋಕಾಗಲ್ವ ನಿಮ್ಗೆ?"

"ಕೂತ್ಕೊಳೋ," ಎಂದ ಅಪ್ಪ. ಕನ್ನಡಕ ಏರಿಸಿ, ಹಾಳೆಯಲ್ಲಿದ್ದ ಗೆರೆಗಳ ಮೇಲೆ ಬೆರಳಾಡಿಸಿದ. "ಹಡಗನ್ನೂ ಹೀಗೇ ಕೊಯ್ದಿದ್ರು. ದಡದಲ್ಲಿ ನಿಂತು ನೋಡಿದ್ದೆ." ಹಾಳೆಯನ್ನು ಮಡಚಿ ಜೇಬಿಗಿಟ್ಟು ಎದ್ದು ನಿಂತ. ಮಂಜು ಕವಿದಾಗ ವೈರ್‌ಲೆಸ್ಸಿನಲ್ಲಿ ಕೂಗುವವನಂತೆ ಕತ್ತು ಮುಂದೆ ಚಾಚಿ, ಎಲ್ಲೂ ತಡೆಯದೆ ಒಂದೇ ಉಸಿರಿನಲ್ಲಿ ತನ್ನ ಆ ಪೂರ್ತಿ ಹೆಸರು ಹೇಳಿದ.

ಕ್ರೆಸ್ಟನ್ ತಲೆಯ ಟೋಪಿ ತೆಗೆದ. ಮಂಜಿನಲ್ಲಿ ಸಿಕ್ಕ ದೋಣಿಯಿಂದ ಉತ್ತರ ಕೊಡುವವನಂತೆ ಕೂಗಿದ.

"ಕೇಳಿಸ್ತು ಮೇಸ್ತ್ರಿ. ನಿನ್ನ ದೀಪ ಕಾಣ್ತಾ ಇದೆ. ಬರ್ತಾ ಇದೀನಿ."