ಪಳಗಿಸಿದ ಶೂ

"ಕಾಲು ಕೊಡಿ ಅಮ್ಮಾ," ಎಂದು ಗೈಡ್ ಮಂಡಿಯೂರಿದಾಗ ಟೈಲರಮ್ಮ ಕಾಲನ್ನು ಬೆಂಚಿನಡಿಗೆ ಎಳೆದುಕೊಂಡಳು. ಬೆಳಗಿನಿಂದ ಕುಂಟುತ್ತಿದ್ದವಳನ್ನು ಅವನೇ ಗದರಿ ಕೂರಿಸಿದ್ದ. ಗುಂಪು ಕಾಲ್ನಡಿಗೆಯಲ್ಲಿ ಹೊರಟಿದ್ದ ದೇವರ ಬೆಟ್ಟ ಇನ್ನೂ ಕಣ್ಣಿಗೇ ಬಿದ್ದಿರಲಿಲ್ಲ.

"ಇದು ನಿಮ್ಮ ಅಳತೆಯ ಶೂನೇ ಅಲ್ಲ. ಒಂದು ತಿಂಗಳು ಮನೇಲಿ ಹಾಕ್ಕೊಂಡು ಪಳಗಿಸಿಕೊಂಡು ಬನ್ನಿ ಅಂತ ಎಲ್ಲರಿಗೂ ಬಡ್ಕೊಂಡಿದ್ದೆ."

"ಪಳಗಿಸಿದ್ದೇ ಕಣಪ್ಪ. ನನ್ನ ಮಗ ತಿಂಗಳಿಡೀ ಇದನ್ನ ಹಾಕ್ಕೊಂಡು ಮನೆ ತುಂಬಾ ಓಡಾಡಿದ. ಹೊಲಿಯೋ ಬಟ್ಟೆಗೆಲ್ಲ ಧೂಳು ಮಾಡ್ತೀಯ ಅಂತ ನಾನು ದಿನಾ ಬೈತಿದ್ದೆ. ಬರಬೇಕಾಗಿದ್ದವನು ಅವನೇ. ಜ್ವರ ಅಂತ ಮಲಗಿದವನು ಏಳಲೇ ಇಲ್ಲ."

'ಆ ಶೂ ಒಳಗೆ ಇನ್ನೊಬ್ಬರಿಗೆ ಜಾಗ ಇದೆಯಮ್ಮ' ಎಂದು ದಾರಿಯುದ್ದಕ್ಕೂ ಗುಂಪನ್ನು ನಗಿಸಿದ್ದ ಮೇಷ್ಟ್ರು ಮುಖ ಆಚೆ ತಿರುಗಿಸಿದರು.

ಗೈಡ್ ಮೆಲ್ಲಗೆ ಒಂದು ಶೂ ಬಿಚ್ಚಿದ. ಅವಳ ಹಿಮ್ಮಡಿಯ ಚರ್ಮ ಕಿತ್ತುಬಂದಿತ್ತು. ಬೆವರಿಗೆ ಒದ್ದೆಯಾಗಿದ್ದ ಒಳಗಿನ ಮೆತ್ತೆಯನ್ನು ಎಳೆದು ಬಿಸಿಲಿಗಿಟ್ಟ. ಅದರ ತುದಿಯಲ್ಲಿ ಐದು ಬೆರಳುಗಳು ಅಚ್ಚೊತ್ತಿದಂತೆ ಮೂಡಿದ್ದವು. ಅವಳ ಬೆರಳು ಅಲ್ಲಿಯವರೆಗೆ ತಲುಪುತ್ತಲೇ ಇರಲಿಲ್ಲ. ಟೈಲರಮ್ಮ ಅದನ್ನು ಮಡಿಲಿಗೆತ್ತಿಕೊಂಡು, ಬಟ್ಟೆಯ ಮೇಲೆ ಸೀಮೆಸುಣ್ಣ ಎಳೆಯುವ ಹಾಗೆ, ಒಂದೊಂದೇ ಬೆರಳಿನ ಸುತ್ತ ಉಗುರಾಡಿಸುತ್ತ ಕೆಳಗಿಳಿದಳು. ಹಿಮ್ಮಡಿಯ ಹತ್ತಿರ ಕೈ ನಿಂತಿತು. ಅಲ್ಲಿ ಮಗನ ಗುರುತಿರಲಿಲ್ಲ. ಅವಳ ಕಾಲು ಉಜ್ಜಿ ಉಜ್ಜಿ ಸವೆದ ಜಾಗದಲ್ಲಿ ಅವಳದೇ ರಕ್ತದ ಕಲೆಯಿತ್ತು.

"ಅಯ್ಯೋ, ಅಳಿಸಿಬಿಟ್ಟೆನಲ್ಲೋ ಕಂದಾ," ಎನ್ನುತ್ತ ಅವಳು ಆತುರಾತುರವಾಗಿ ಇನ್ನೊಂದು ಶೂವಿನ ಲೇಸು ಬಿಚ್ಚತೊಡಗಿದಳು.